ಮುಲೂಖ್‌ಮೈದಾನ ತೋಪು: ಒಂದು ರೂಪಕದ ಪಯಣ

ಮುಂಬಯಿಯ ಮರಾಠಿ ದೈನಿಕಗಳನ್ನು ನಿತ್ಯವೂ ಓದುವ ಕನ್ನಡಿಗರಿಗೆ ಎರಡು ಪ್ರಯೋಗಗಳು ಚಿರಪರಿಚಿತವಾಗಿವೆ. ವಿಧಾನಸಭೆಯಲ್ಲಿ ಮಂತ್ರಿಯೊಬ್ಬರ ಮೇಲೆ ಪ್ರಶ್ನೆಗಳು ಎಡೆಬಿಡದೆ ಬಂದರೆ ಅದು ‘ಪ್ರಶ್ನಾಂಚಾ ಭಡಿಮಾರ’. ಎದುರಾಳಿಯನ್ನು ಮಾತಿನಿಂದಲೇ ಕೆಡವಬಲ್ಲ ವಾಗ್ಮಿಯಾದರೆ ಆತ ‘ಮುಲೂಖ್‌ಮೈದಾನ ತೋಫ್’. ಭಡಿಮಾರವೆಂದರೆ ತೋಪುಗಳಿಂದ ಸತತವಾಗಿ ನಡೆಸುವ ಗುಂಡಿನ ಹೊಡೆತ. ಎರಡನೆಯದಾದರೋ ಒಂದು ನಿರ್ದಿಷ್ಟ ತೋಪಿನ ಅಂಕಿತನಾಮ. ಆ ತೋಪಿರುವುದು ಮಹಾರಾಷ್ಟ್ರದಲ್ಲಲ್ಲ. ಕನ್ನಡ ನಾಡಿನ ವಿಜಯಪುರದ ಶೆರ್ಜಾ ಬುರುಜಿನ ಮೇಲೆ.

ಅದರ ನಿಜನಾಮ ‘ಮಲಿಕ್-ಎ-ಮೈದಾನ್’, ಎಂದರೆ ರಣರಂಗದ ಒಡೆಯ. ಅಹಮದನಗರದ ನಿಜಾಮಶಾಹಿಗಾಗಿ ರೂಮಿ ಎಂಬ ತುರ್ಕಿ ಎರಕಗಾರನು 1549ರಲ್ಲಿ ಇದನ್ನು ಎರಕ ಹೊಯ್ದನು. ಉದ್ದ ಸುಮಾರು 14 ಅಡಿ, ತೂಕ ಸುಮಾರು 55 ಟನ್. ಬಾಯಿಯ ಕಡೆಗೆ ಸಿಂಹಮುಖ. ಅದರ ಹಲ್ಲುಗಳ ನಡುವೆ ಆನೆ. 1565ರ ತಾಳಿಕೋಟೆಯ ಯುದ್ಧದಲ್ಲಿ ವಿಜಯನಗರದ ಸೇನೆಯ ಮೇಲೆ ಇದೇ ತೋಪು ಸಿಡಿಯಿತೆಂಬ ಪ್ರತೀತಿಯಿದೆ. ಮುಂದೆ 1632ರ ಸುಮಾರಿಗೆ ಆದಿಲಶಾಹಿಯವರು ಪರಂಡಾ ಕೋಟೆಯಿಂದ ಇದನ್ನು ತಮ್ಮ ರಾಜಧಾನಿಗೆ ಸಾಗಿಸಿದರು. ಜನರ ಬಾಯಲ್ಲಿ ‘ಮಲಿಕ್’ ಹೋಗಿ ‘ಮುಲೂಖ್’ ಆಯಿತು. ಎರಡೂ ಒಂದೇ ಅರಬ್ಬೀ ಧಾತುವಿನ ಪದಗಳಾದರೂ ಒಡೆಯನ ಜಾಗಕ್ಕೆ ನಾಡು ಬಂದು ಕುಳಿತಿತು. 1854ರಲ್ಲಿ ಈ ಒಡೆಯನನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ ಎನ್ನುತ್ತಾರೆ: ಟನ್ನಿಗೆ ಮೂರು ರೂಪಾಯಿಯೂ ಬೀಳಲಿಲ್ಲ. ಪುಣ್ಯಕ್ಕೆ ಆ ಮಾರಾಟ ರದ್ದಾಯಿತು.

1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ತೋಪು ಆಚೆಗೆ ಹೋಯಿತು, ಹೆಸರು ಈಚೆಗೆ ಉಳಿಯಿತು. ಅದೇ ವರ್ಷಗಳಲ್ಲಿ ಶಿವಾಜಿ ಪಾರ್ಕಿನಲ್ಲಿ ಸಂಯುಕ್ತ ಮಹಾರಾಷ್ಟ್ರದ ಸಭೆಗಳು ನೆರೆಯುತ್ತಿದ್ದುವು. ಆಚಾರ್ಯ ಅತ್ರೆಯವರಂಥ ವಾಗ್ಮಿಗಳಿಗೆ ಈ ಬಿರುದು ಸಲ್ಲುತ್ತಿತ್ತು. ಬೆಳಗಾವಿ, ಕಾರವಾರಗಳು ತಮಗೆ ಬೇಕೆಂಬುದೂ ಆ ಚಳವಳಿಯ ಬೇಡಿಕೆಯೇ. ಹೀಗೆ ವಿಜಯಪುರದ ತೋಪು ರೂಪಕವಾಗಿ ಮತ್ತೊಮ್ಮೆ ಕನ್ನಡದತ್ತ ಬಾಯಿ ತಿರುಗಿಸಿತೆನ್ನಬೇಕು. ಸಭೆಯ ಅಂಚಿನಲ್ಲಿ ನಿಂತು ಕೇಳಿದ ಮುಂಬಯಿ ಕನ್ನಡಿಗನು ಮಾತಿನ ಸೊಗಸನ್ನು ಮೆಚ್ಚಬೇಕೋ ಗುರಿಯನ್ನು ನೆನೆದು ನೋಯಬೇಕೋ ಎಂಬುದು ಸುಲಭದ ಪ್ರಶ್ನೆಯಾಗಿರಲಿಲ್ಲ.

ತೋಪನ್ನು ಇರಿಸಿಕೊಂಡ ಕನ್ನಡ ಈ ರೂಪಕವನ್ನು ಏಕೆ ಬೆಳೆಸಲಿಲ್ಲ? ಪದದಲ್ಲಿಯೇ ಒಂದು ತೊಡಕಿದೆ. ತುರ್ಕಿಯಿಂದ ಪಾರಸಿಯ ಮೂಲಕ ಬಂದ ‘ತೋಪು’ ಕನ್ನಡಕ್ಕೆ ಕಾಲಿಟ್ಟಾಗ ಇನ್ನೊಂದು ‘ತೋಪು’ ಇಲ್ಲಿ ಆಗಲೇ ಬೇರುಬಿಟ್ಟಿತ್ತು: ಮಾವಿನ ತೋಪು, ಹುಣಿಸೆಯ ತೋಪು. ನೆರಳಿನ ನೆನಪು ತರುವ ಶಬ್ದದಿಂದ ಬೆದರಿಕೆ ಹುಟ್ಟುವುದು ಕಷ್ಟ. ಫಿರಂಗಿಯ ಅರ್ಥದಲ್ಲಿಯೂ ಹಳೆಯ ಮೈಸೂರಿನವರಿಗೆ ಮೊದಲು ಹೊಳೆಯುವುದು ದಸರೆಯ ಕುಶಾಲತೋಪು. ಅದು ಮರ್ಯಾದೆಯ ಸದ್ದೇ ಹೊರತು ಮುತ್ತಿಗೆಯದಲ್ಲ. ಮಾತಿನ ರಭಸಕ್ಕೆ ನಮ್ಮ ಪತ್ರಿಕೆಗಳು ಮುಗಿಲಿನಿಂದಲೇ ಹೋಲಿಕೆ ತರುತ್ತವೆ: ನಾಯಕರು ‘ಗುಡುಗಿದರು’, ಪ್ರಶ್ನೆಗಳ ‘ಸುರಿಮಳೆ’ಯಾಯಿತು. ಸುರಿಮಳೆಗೂ ಕಾಳಗದ ನಂಟು ಇಲ್ಲದಿಲ್ಲ. ನಮ್ಮ ಹಳೆಯ ಕಾವ್ಯಗಳಲ್ಲಿ ಬಾಣಗಳು ಮಳೆಯಾಗಿಯೇ ಸುರಿದಿವೆ. ಆದರೆ ಇಂದು ಅದು ಹೊಗಳಿಕೆಗೂ ಬೈಗುಳಕ್ಕೂ ಬಹುಮಾನಕ್ಕೂ ಸಮನಾಗಿ ಸಲ್ಲುತ್ತದೆ. (ಮುಂಬಯಿಯ ಬೀದಿಯ ಹಿಂದಿಯಲ್ಲಿ ‘ತೂ ಕ್ಯಾ ತೋಪ್ ಹೈ?’ ಎಂಬ ಮೂದಲಿಕೆಯೂ ಇದೆ. ಬಿರುದು ಅಲ್ಲಿ ಬೈಗುಳವಾಗಿದೆ.)

ಅನುವಾದಕನಿಗೆ ಇಲ್ಲಿಯೇ ಎಚ್ಚರ ಬೇಕು. ‘ಭಡಿಮಾರ’ವನ್ನು ಕಣ್ಣುಮುಚ್ಚಿ ‘ಸುರಿಮಳೆ’ ಎಂದರೆ ಪ್ರಶ್ನೆಗಳ ಸಂಖ್ಯೆ ಉಳಿಯುತ್ತದೆ, ಗುರಿಯಿಟ್ಟವನು ಮಾಯವಾಗುತ್ತಾನೆ. ಮಳೆಗೆ ಕರ್ತೃವಿಲ್ಲ, ತೋಪಿಗೆ ಬತ್ತಿ ಹಚ್ಚುವ ಗೋಲಂದಾಜನಿದ್ದಾನೆ. ಅಂಥ ಕಡೆ ‘ವಾಗ್ದಾಳಿ’ ಮೇಲು. ‘ಫೈರಿ ಝಾಡಣೆ’ ಎಂಬ ಇನ್ನೊಂದು ಮರಾಠಿ ನುಡಿಗಟ್ಟಿನ ‘ಫೈರ್’ ಇಂಗ್ಲಿಷಿನಿಂದ ಬಂದದ್ದು; ಅದನ್ನು ಮಾತುಕತೆಯ ‘ಫೇರಿ’ಯೊಡನೆ, ಎಂದರೆ ಸುತ್ತಿನೊಡನೆ, ಬೆರೆಸಿದರೆ ಜಗಳ ಸಂಧಾನವಾಗಿಬಿಡುತ್ತದೆ. ಇನ್ನು ‘ಮುಲೂಖ್‌ಮೈದಾನ ತೋಫ್’ಗೆ ‘ಮಾತಿನ ಮಲ್ಲ’ ಎಂದು ಬರೆಯುವುದು ಸಲ್ಲದು. ಅದರಲ್ಲಿ ಲೇವಡಿಯ ಎಳೆಯಿದೆ. ಹೆಸರನ್ನು ಹಾಗೆಯೇ ಉಳಿಸಿಕೊಂಡರೆ ಕನ್ನಡ ಓದುಗನಿಗೆ ಅಡಿಟಿಪ್ಪಣಿಯೂ ಬೇಕಾಗದು. ವಿಜಯಪುರಕ್ಕೆ ಹೋದವರೆಲ್ಲರೂ ಅದರ ಬೆನ್ನಿನ ಮೇಲೆ ಕೈಯಿಟ್ಟು ನೋಡಿದವರೇ.