ಅಭಯಾರಣ್ಯದ ಎಲ್ಲೆಯೂ ‘ಅಲ್ಪ ಭೂಮಿ’ಯ ವಾದವೂ

ಖಾನಾಪುರ ತಾಲೂಕಿನ ಪಶ್ಚಿಮದ ಅಂಚಿನಲ್ಲಿ ಎರಡು ನದಿಗಳು ಹುಟ್ಟುತ್ತವೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಪೂರ್ವಾಭಿಮುಖವಾಗಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ದೇಗಾಂವದ ಬಳಿ ಹುಟ್ಟಿದ ಮಹದಾಯಿಯಾದರೋ ಭೀಮಗಡದ ಕಾಡನ್ನು ಹಾಯ್ದು ಗೋವೆಗಿಳಿದು, ಮಾಂಡವಿಯೆಂಬ ಹೆಸರಿನಿಂದ ಪಣಜಿಯ ಬಳಿ ಕಡಲನ್ನು ಕೂಡುತ್ತದೆ. ಈ ಕಾಡಿನ 190.42 ಚದರ ಕಿಲೋಮೀಟರು ಪ್ರದೇಶವು 2011ರ ಡಿಸೆಂಬರಿನಲ್ಲಿ ಅಭಯಾರಣ್ಯವೆಂದು ಸಾರಲ್ಪಟ್ಟಿತು. ಇಲ್ಲಿಯ ಬಾರಾಪೇಡೆ ಗವಿಗಳಲ್ಲಿ ವಾಸಿಸುವ ಬಾವಲಿಯೊಂದನ್ನು ಪ್ರಾಣಿಶಾಸ್ತ್ರಜ್ಞ ಥಾಮಸ್‌ರು 1913ರಲ್ಲಿ ಮೊದಲ ಬಾರಿಗೆ ವರ್ಣಿಸಿದರು; ಬಹುಕಾಲದವರೆಗೆ ಲೋಕದಲ್ಲಿ ಅದರ ಬೇರೊಂದು ನೆಲೆ ತಿಳಿದಿರಲೇ ಇಲ್ಲ.

ಬೆಳಗಾವಿಯಲ್ಲಿ ಓದುವ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಈ ಸೀಮೆಯವರು. “ಇಷ್ಟು ವಿಸ್ತಾರವಾದ ಕಾಡಿನಲ್ಲಿ ಅಲ್ಪ ಭೂಮಿಯನ್ನು ದೇಶದ ಅವಶ್ಯಕತೆಗೆ ಬಳಸಿಕೊಂಡರೆ ಹಾನಿಯೇನು?” ಎಂದು ಅವರು ಕೇಳುವುದುಂಟು. ಪ್ರಶ್ನೆಯು ಸಾಧುವಾದುದೇ. ಆದರೆ ಈ ವಾದಕ್ಕೂ ಒಂದು ಇತಿಹಾಸವಿದೆ. ಅದನ್ನು ನೋಡದೆ ಉತ್ತರ ಹೇಳುವುದು ಸರಿಯಾಗಲಾರದು.

ವಾದದ ಸ್ಪಷ್ಟ ರೂಪವು ಅಮೆರಿಕದ ಅಲಾಸ್ಕಾದಲ್ಲಿ ಕಾಣಸಿಗುತ್ತದೆ. 1960ರಲ್ಲಿ ರಕ್ಷಿತವಾದ ಅಲ್ಲಿಯ ಉತ್ತರಧ್ರುವ ವನ್ಯಪ್ರದೇಶದ ಕರಾವಳಿ ಬಯಲು ಸುಮಾರು 15 ಲಕ್ಷ ಎಕರೆಗಳಷ್ಟಿದೆ. ಅದರಡಿಯ ತೈಲಕ್ಕಾಗಿ ಬಾವಿ ಕೊರೆಯಲು ಅವಕಾಶವಿತ್ತ 2017ರ ಶಾಸನವು, ಕಟ್ಟಡ ಮುಂತಾದವು 2,000 ಎಕರೆಗಳನ್ನು ಮೀರಬಾರದೆಂದು ವಿಧಿಸಿತು. ಲೆಕ್ಕದಲ್ಲಿ ಇದು ಅಲ್ಪವೇ ಸರಿ. ಆದರೆ ಆ ಎಕರೆಗಳೆಲ್ಲ ಒಂದೆಡೆ ಇರಬೇಕೆಂಬ ನಿಯಮವಿಲ್ಲ. ಬಾವಿಯಿಂದ ಬಾವಿಗೆ ದಾರಿ, ಕೊಳವೆ, ಗದ್ದಲ. ಇವುಗಳ ನಡುವೆ ಕ್ಯಾರಿಬೂ ಎಂಬ ಹಿಮಸಾರಂಗಗಳು ಮರಿಹಾಕುವ ನೆಲ. ಬಲೆಯ ನೂಲನ್ನಷ್ಟೇ ಅಳೆದು ಬಲೆ ಚಿಕ್ಕದೆಂದಂತಾಯಿತು.

ನಮ್ಮ ದೇಶದ ಅಸ್ಸಾಮಿನಲ್ಲಿ ವಾದವು ಇನ್ನೂ ಒಂದು ಹೆಜ್ಜೆ ಮುಂದುವರಿಯಿತು. ರಕ್ಷಿತ ಕಾಡಿನ ಹೊರಗೆ ಯಂತ್ರವನ್ನು ನಿಲ್ಲಿಸಿ, ಬಾವಿಯನ್ನು ಓರೆಯಾಗಿ ಕಾಡಿನಡಿಗೆ ಕೊರೆದರೆ ಮೇಲಿನ ಭೂಮಿಯನ್ನು ಮುಟ್ಟಿದಂತೆಯೇ ಆಗುವುದಿಲ್ಲವಷ್ಟೆ! ಈ ಕ್ರಮದಿಂದ ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನದ ಅಡಿಯಲ್ಲಿ ಏಳು ಕಡೆ ಕೊರೆಯಲು 2020ರ ಮೇ ತಿಂಗಳಲ್ಲಿ ಪರಿಸರ ಅನುಮತಿ ದೊರೆಯಿತು. ಅದೇ ತಿಂಗಳ 27ರಂದು, ಉದ್ಯಾನದ ಹೊರಗಿದ್ದ ಬಾಗ್‌ಜಾನ್ ಎಂಬಲ್ಲಿಯ ಹಳೆಯ ಬಾವಿಯೊಂದು ಹತೋಟಿ ತಪ್ಪಿ ಅನಿಲವನ್ನು ಉಗುಳಿತು. ಜೂನ್ 9ರಂದು ಬೆಂಕಿ ಹತ್ತಿತು. ಬೆಂಕಿ ನಂದಿಸಲು ಹೋದ ಇಬ್ಬರು ಪ್ರಾಣ ಕಳೆದುಕೊಂಡರು. ನವೆಂಬರಿನವರೆಗೂ ಅದು ಪೂರ್ಣವಾಗಿ ಆರಲಿಲ್ಲ. ಎಲ್ಲೆಯ ಹೊರಗಿನ ಬಾವಿಯ ಎಣ್ಣೆಯು ಎಲ್ಲೆಯನ್ನು ಕೇಳಿ ನಿಲ್ಲಲಿಲ್ಲ. ಮಾಗುರಿ ಕೆರೆಯ ನೀರನ್ನು ಕೆಡಿಸಿತು.

ಕರ್ನಾಟಕದ ನಿದರ್ಶನವೆಂದರೆ ಕುದುರೆಮುಖ. ಅಲ್ಲಿ ತೆಗೆದುದು ಕಬ್ಬಿಣದ ಅದಿರು. ಆದರೆ ಆ ಗಣಿಯನ್ನು ತೋಡಿಸಲು ಮುಂದಾದುದು ತೈಲದ ಹಣವೇ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕು. ಎಣ್ಣೆಯ ಬೆಲೆ ಏರಿ ಐಶ್ವರ್ಯವಂತನಾದ ಇರಾನಿನ ಷಾ 1975ರ ಒಪ್ಪಂದದಂತೆ 63 ಕೋಟಿ ಡಾಲರುಗಳ ಸಾಲವನ್ನು ಕೊಡಲೊಪ್ಪಿ, ಅದಿರನ್ನು ತಾನೇ ಕೊಳ್ಳುವೆನೆಂದನು. 1979ರ ಕ್ರಾಂತಿಯಿಂದ ಷಾನೂ ಹೋದನು, ಕೊಳ್ಳುವವನೂ ಇಲ್ಲವಾದನು. ಉಳಿದುದು ಗಣಿ, ಮಂಗಳೂರಿನವರೆಗೆ 67 ಕಿಲೋಮೀಟರಿನ ಕೊಳವೆ, ಮತ್ತು ಗಣಿಯ ಕೆಸರನ್ನು ತಡೆಯುವ ಲಖ್ಯಾ ಅಣೆಕಟ್ಟು. ತುಂಗೆ, ಭದ್ರೆ, ನೇತ್ರಾವತಿಗಳ ಉಗಮವಿರುವ ಈ ಬೆಟ್ಟಗಳನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಲು ಅಧಿಸೂಚನೆ ಹೊರಟಾಗ ಗಣಿಯು ನಡೆದೇ ಇತ್ತು. 1969ರ ಗುತ್ತಿಗೆ 30 ವರ್ಷಗಳದು. ಅದು 1999ರಲ್ಲಿ ಮುಗಿದರೂ ತಾತ್ಕಾಲಿಕ ಅನುಮತಿಗಳ ಮೇಲೆ ಕೆಲಸ ಸಾಗಿತು. ಇಲ್ಲಿಯೂ ‘ಉದ್ಯಾನದ ಅಲ್ಪ ಭಾಗ’ ಎಂಬ ಮಾತೇ ಕೇಳಿಬಂತು. ಆದರೆ ಘೋರವಾದ ಮಳೆಯ ಆ ನಾಡಿನಲ್ಲಿ ಕಡಿದ ಬೆಟ್ಟದ ಮಣ್ಣು ಭದ್ರೆಯ ಹೊಳೆಗಿಳಿಯುತ್ತಿತ್ತು. ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿನ್ನಪ್ಪನವರ ಹೆಸರನ್ನು ಹೊತ್ತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ತೀರ್ಪಿತ್ತು, 2005ರ ಅಂತ್ಯಕ್ಕೆ ಗಣಿಯನ್ನು ನಿಲ್ಲಿಸಿತು.

ಈ ಮೂರು ಕಡೆಗಳಲ್ಲಿಯೂ ಅಳತೆ ಭೂಮಿಯದು, ಹಾನಿಯು ನಡೆದಾಡುವ ಪ್ರಾಣಿ, ಹರಿದಾಡುವ ನೀರುಗಳದು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವನ್ನು 2002ರಲ್ಲಿ ತಿದ್ದುಪಡಿ ಮಾಡಿದವರಿಗೆ ಇದು ತಿಳಿದಿತ್ತೆಂದು ತೋರುತ್ತದೆ. ಅದರ 29ನೆಯ ಕಲಮು ಅಭಯಾರಣ್ಯದ ಜೀವಿಗಳ ನೆಲೆಯನ್ನು ಕೆಡಿಸುವುದನ್ನಷ್ಟೇ ಅಲ್ಲ, ಅಭಯಾರಣ್ಯದ ಒಳಕ್ಕೆ ಅಥವಾ ಹೊರಕ್ಕೆ ಹರಿಯುವ ನೀರನ್ನು ತಿರುಗಿಸುವುದನ್ನೂ ತಡೆಯುವುದನ್ನೂ ನಿಷೇಧಿಸುತ್ತದೆ. ಅನುಮತಿ ಕೊಡಬಹುದು, ಆದರೆ ಅದು ವನ್ಯಜೀವಿಗಳ ಹಿತಕ್ಕೆ ಅವಶ್ಯವಾಗಿದ್ದರೆ ಮಾತ್ರ. ಯೋಜನೆಯಿಂದ ದೇಶಕ್ಕೆಷ್ಟು ಲಾಭವೆಂಬುದು ಈ ಕಲಮಿನ ಪ್ರಶ್ನೆಯೇ ಅಲ್ಲ.

ಈಗ ಖಾನಾಪುರಕ್ಕೆ ಬರೋಣ. ಮಹದಾಯಿ ನ್ಯಾಯಾಧಿಕರಣವು 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರನ್ನು ಹಂಚಿತು. ಅದರಲ್ಲಿ ಕಳಸಾ-ಬಂಡೂರಿ ನಾಲೆಗಳಿಂದ ಮಲಪ್ರಭೆಗೆ ತಿರುಗಿಸತಕ್ಕದ್ದು 3.90, ಜಲವಿದ್ಯುತ್ತಿಗೆಂದು ಇಟ್ಟದ್ದು 8.02. ಪತ್ರಿಕೆಗಳ ಗದ್ದಲದಲ್ಲಿ ಇವೆರಡೂ ಒಂದೇ ಎಂಬಂತೆ ಬೆರೆತುಹೋಗಿವೆ. ಹುಬ್ಬಳ್ಳಿ-ಧಾರವಾಡದ ಕೊಡಗಳೂ ನರಗುಂದ, ನವಲಗುಂದಗಳ ಬತ್ತಿದ ಹೊಲಗಳೂ ಕೇಳುವುದು ಮೊದಲನೆಯದನ್ನು. 2015ರಿಂದ ಅಲ್ಲಿ ರೈತರು ಕುಳಿತ ಧರಣಿಯನ್ನು ಹಗುರಾಗಿ ಕಾಣುವವರು ನಾವಲ್ಲ. ಆದರೂ 2023ರ ಜನವರಿಯಲ್ಲಿ ಗೋವೆಯ ಮುಖ್ಯ ವನ್ಯಜೀವಿ ಪಾಲಕರು ತಮ್ಮ ಮಹದಾಯಿ ಅಭಯಾರಣ್ಯದ ಪರವಾಗಿ ನಮ್ಮ ರಾಜ್ಯಕ್ಕೆ ನೋಟೀಸು ಕಳಿಸಿದುದು ಈ 29ನೆಯ ಕಲಮಿನ ಮೇರೆಗೇ. ಅದನ್ನು ಬರಿಯ ಗೋವೆಯ ಹಟವೆಂದು ತಳ್ಳಿಹಾಕಲಾಗದು. ಎರಡನೆಯದರ ಮಾತು ಬೇರೆ. ಮಹದಾಯಿಯ ಕಣಿವೆಯಲ್ಲಿ ಕೋಟ್ನಿಯ ಬಳಿ ಒಡ್ಡು ಕಟ್ಟಿ ವಿದ್ಯುತ್ತನ್ನು ಪಡೆಯುವ ಯೋಚನೆಯು, ಅಲಾಸ್ಕಾದ ತೈಲದಂತೆ, ಬೇರೆ ಕಡೆಯೂ ದೊರೆಯಬಲ್ಲ ಶಕ್ತಿಗಾಗಿ ಬೇರೆಲ್ಲಿಯೂ ದೊರೆಯದ ಕಣಿವೆಯನ್ನು ಕೇಳುತ್ತದೆ. ಇದನ್ನು ನಾವು ವಿರೋಧಿಸುತ್ತೇವೆ.

ವಿರೋಧಿಸುವಾಗ ಕಾಡಿನೊಳಗಿನವರನ್ನು ಮರೆಯತಕ್ಕದ್ದಲ್ಲ. ಗವಾಳಿ, ಅಮಗಾಂವ, ಕೃಷ್ಣಾಪುರ ಮೊದಲಾದ ಹಳ್ಳಿಗಳು ಈ ಕಾಡಿನ ನಡುವೆ ಇವೆ. ಮಳೆಗಾಲದಲ್ಲಿ ಹಳ್ಳಗಳು ತುಂಬಿದಾಗ ಅಮಗಾಂವದಂಥ ಊರಿನ ರೋಗಿಗಳನ್ನು ಹೆಗಲ ಮೇಲೆ ಹೊತ್ತು ತರಬೇಕಾಗುತ್ತದೆ. ಅವರು ರಸ್ತೆಯನ್ನೋ ಕಿರುಸೇತುವೆಯನ್ನೋ ಕೇಳಿದಾಗ ಅರಣ್ಯದ ಕಾನೂನನ್ನು ಓದಿ ಹೇಳುವವರಿಗೆ ಕೊರತೆಯಿಲ್ಲ. ಒಡ್ಡಿನ ಕಡತ ಬಂದಾಗಲೂ ಅದೇ ಪುಟವನ್ನು ಅದೇ ದನಿಯಲ್ಲಿ ಓದುತ್ತಾರೆಯೇ ಎಂಬುದನ್ನು ಅಮಗಾಂವದವರು ಕಾದು ನೋಡುತ್ತಿದ್ದಾರೆ.