ಚಳಿಗಾಲದ ವಿದೇಶ ಕೋರ್ಸ್: ಸಿಗುವುದು ಕ್ರೆಡಿಟ್ಟೋ, ಬರಿಯ ಪ್ರಮಾಣಪತ್ರವೋ?

ಬೆಂಗಳೂರು: ದೀಪಾವಳಿ ಮುಗಿಯುವ ಹೊತ್ತಿಗೆ ರಾಜ್ಯದ ಅನೇಕ ಕಾಲೇಜುಗಳ ಸೂಚನಾ ಫಲಕದಲ್ಲಿ ಒಂದು ಬಗೆಯ ಬಣ್ಣದ ಪ್ರಕಟಣೆ ಕಾಣಿಸಿಕೊಳ್ಳುತ್ತದೆ. ಡಿಸೆಂಬರ್ ರಜೆಯಲ್ಲಿ ಹತ್ತು ಹದಿನೈದು ದಿನ ವಿದೇಶಿ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ, ಜೊತೆಗೆ ನಗರ ವೀಕ್ಷಣೆ, ಕೊನೆಗೊಂದು ಅಂತಾರಾಷ್ಟ್ರೀಯ ಪ್ರಮಾಣಪತ್ರ. ಸೀಟುಗಳು ಕೆಲವೇ, ಮುಂಗಡ ಕಟ್ಟಲು ವಾರದ ಗಡುವು. ಮಗಳೋ ಮಗನೋ ಆ ಕಾಗದವನ್ನು ಮನೆಗೆ ತಂದಾಗ ತಂದೆ-ತಾಯಿಯರ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ. ಇಷ್ಟು ಹಣಕ್ಕೆ ಸಿಗುವುದೇನು? ಕಳಿಸದಿದ್ದರೆ ಮಕ್ಕಳು ಕಳೆದುಕೊಳ್ಳುವುದೇನು?

ಇಂತಹ ಕೋರ್ಸುಗಳೆಲ್ಲ ಮೋಸವಲ್ಲ. ಇವುಗಳಿಗೆ ಅರುವತ್ತು ವರ್ಷ ಮೀರಿದ ಇತಿಹಾಸವಿದೆ, ಒಳ್ಳೆಯ ಹೆಸರೂ ಇದೆ. ಆದರೆ ಅದೇ ಹೆಸರಿನ ನೆರಳಿನಲ್ಲಿ ಪ್ರವಾಸದ ಪ್ಯಾಕೇಜುಗಳೂ ಮಾರಾಟವಾಗುತ್ತವೆ. ಎರಡರ ನಡುವಣ ವ್ಯತ್ಯಾಸವನ್ನು ಗುರುತಿಸುವುದು ಕಷ್ಟವೇನಲ್ಲ. ಅದಕ್ಕೆ ಸ್ವಲ್ಪ ಲೆಕ್ಕ, ಸ್ವಲ್ಪ ಕ್ಯಾಲೆಂಡರ್ ಜ್ಞಾನ ಸಾಕು.

ಎಲ್ಲಿಂದ ಬಂತು ಈ ಪದ್ಧತಿ?

ಅಮೆರಿಕದ ಫ್ಲಾರಿಡಾ ರಾಜ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ 1960ರಲ್ಲಿ ಫ್ಲಾರಿಡಾ ಪ್ರೆಸ್ಬಿಟೇರಿಯನ್ ಕಾಲೇಜು ಬಾಗಿಲು ತೆರೆಯಿತು. ಇಂದು ಅದರ ಹೆಸರು ಎಕರ್ಡ್ ಕಾಲೇಜು. ವರ್ಷವನ್ನು ಎರಡು ದೊಡ್ಡ ಅವಧಿಗಳಾಗಿ ವಿಂಗಡಿಸಿ, ನಡುವೆ ಜನವರಿ ತಿಂಗಳನ್ನು ಒಂದೇ ವಿಷಯದ ಅಧ್ಯಯನಕ್ಕೆ ಮೀಸಲಿಡುವ ಪ್ರಯೋಗವನ್ನು ಈ ಕಾಲೇಜು ಕೈಗೊಂಡಿತು. ಮೊದಲ ಅವಧಿಯಲ್ಲಿ ನಾಲ್ಕು ವಿಷಯ, ಜನವರಿಯಲ್ಲಿ ಒಂದು, ಮತ್ತೆ ನಾಲ್ಕು. ಆದ್ದರಿಂದಲೇ ಇದಕ್ಕೆ 'ನಾಲ್ಕು-ಒಂದು-ನಾಲ್ಕು' ಪದ್ಧತಿ ಎಂಬ ಹೆಸರು ಬಿತ್ತು.

ಅನಂತರದ ದಶಕದಲ್ಲಿ ಈ ಕಲ್ಪನೆ ಬೇಗನೆ ಹಬ್ಬಿತು. ವಿಲಿಯಮ್ಸ್ ಕಾಲೇಜು, ಓಬರ್ಲಿನ್ ಕಾಲೇಜುಗಳು ತಮ್ಮದೇ ಚಳಿಗಾಲದ ಅವಧಿಯನ್ನು ರೂಪಿಸಿಕೊಂಡವು. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿಯೂ ಜನವರಿಯನ್ನು ಸ್ವತಂತ್ರ ಚಟುವಟಿಕೆಗಳಿಗೆ ಬಿಟ್ಟುಕೊಡುವ ಕ್ರಮ ಬಂದಿತು. ಒಂದು ತಿಂಗಳು, ಒಂದೇ ವಿಷಯ ಎಂದಾದ ಮೇಲೆ ಆ ತಿಂಗಳನ್ನು ತರಗತಿಯ ಹೊರಗೆ, ದೇಶದ ಹೊರಗೆ ಕಳೆಯಬಾರದೇಕೆ ಎಂಬ ಯೋಚನೆ ಸಹಜವಾಗಿಯೇ ಹುಟ್ಟಿತು. ಮಿನ್ನೆಸೋಟಾದ ಸೇಂಟ್ ಓಲಾಫ್, ಕೆಂಟಕಿಯ ಸೆಂಟರ್ ಕಾಲೇಜುಗಳು ಜನವರಿಯ ವಿದೇಶ ವ್ಯಾಸಂಗಕ್ಕೆ ಹೆಸರಾಗಿವೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಮಾದರಿಯಲ್ಲಿ ವಿದ್ಯಾರ್ಥಿಯ ಜೊತೆಗೆ ಹೋಗುವವರು ಆತನ ಕಾಲೇಜಿನ ಪ್ರಾಧ್ಯಾಪಕರೇ. ಪಠ್ಯ ಸಿದ್ಧಪಡಿಸುವವರು, ಅಂಕ ನೀಡುವವರು ಅವರೇ. ಪಡೆದ ಕ್ರೆಡಿಟ್ ನೇರವಾಗಿ ಪದವಿಗೆ ಸೇರುತ್ತದೆ. ನಮ್ಮಲ್ಲಿ ಮಾರಾಟವಾಗುವ ಅನೇಕ ಕಾರ್ಯಕ್ರಮಗಳಲ್ಲಿ ಬಿಟ್ಟುಹೋಗಿರುವುದು ಈ ಕೊಂಡಿಯೇ.

ಅಮೆರಿಕದಿಂದ ಹೊರದೇಶಕ್ಕೆ ಹೋಗಿ ಕಲಿಯುವ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಯ್ದುಕೊಳ್ಳುವುದು ಬೇಸಿಗೆಯ ಅಥವಾ ಎಂಟು ವಾರದೊಳಗಿನ ಅಲ್ಪಾವಧಿಯ ಕೋರ್ಸುಗಳನ್ನು. 2018-19ರಲ್ಲಿ ಹೀಗೆ ವಿದೇಶಕ್ಕೆ ಹೋದ ಅಮೆರಿಕನ್ ವಿದ್ಯಾರ್ಥಿಗಳ ಒಟ್ಟು ಸಂಖ್ಯೆ 3.47 ಲಕ್ಷ. ಕೊರೊನಾ ಕಾಲದ 2020-21ರಲ್ಲಿ ಅದು 15 ಸಾವಿರಕ್ಕೂ ಕೆಳಗಿಳಿದಿತ್ತು. ಆನಂತರ ಮತ್ತೆ ಏರುಮುಖವಾಗಿದೆ.

ಕ್ಯಾಲೆಂಡರ್ ಹೇಳುವ ಸತ್ಯ

ಚಳಿಗಾಲದ ಕೋರ್ಸ್ ಎಂದೊಡನೆ ಮೊದಲು ನೋಡಬೇಕಾದುದು ದಿನಾಂಕ. ಯುರೋಪಿನ ಬಹುತೇಕ ದೇಶಗಳಲ್ಲಿ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ವಿಶ್ವವಿದ್ಯಾಲಯಗಳಲ್ಲಿ ಪಾಠ ಇರುವುದಿಲ್ಲ. ಪ್ರಾಧ್ಯಾಪಕರೂ ಸಿಬ್ಬಂದಿಯೂ ರಜೆಯಲ್ಲಿರುತ್ತಾರೆ. ಡಿಸೆಂಬರ್ 22ರಿಂದ ಜನವರಿ 2ರವರೆಗೆ ಯುರೋಪಿನ ಪ್ರತಿಷ್ಠಿತ ವಿಶ್ವವಿದ್ಯಾಲಯದಲ್ಲಿ ತರಗತಿ ಎಂದು ಪ್ರಕಟಣೆಯಲ್ಲಿದ್ದರೆ, ಯಾವ ಕಟ್ಟಡದಲ್ಲಿ, ಯಾರು ಪಾಠ ಮಾಡುತ್ತಾರೆ ಎಂದು ಕೇಳಲೇಬೇಕು. ಹೋಟೆಲಿನ ಸಭಾಂಗಣದಲ್ಲಿ ಉಪನ್ಯಾಸ, ಬೀಗ ಹಾಕಿದ ಗೇಟಿನ ಮುಂದೆ ಛಾಯಾಚಿತ್ರ ಎಂಬಂತೆಯೂ ಆಗಬಹುದು.

ವಿಶ್ವವಿದ್ಯಾಲಯಗಳು ಸ್ವತಃ ನಡೆಸುವ ಕೋರ್ಸುಗಳು ಸಾಮಾನ್ಯವಾಗಿ ಜನವರಿಯಲ್ಲಿ ಆರಂಭವಾಗುತ್ತವೆ. ಬರ್ಲಿನ್ನಿನ ಫ್ರೀ ವಿಶ್ವವಿದ್ಯಾಲಯ ತನ್ನ ಅಂತಾರಾಷ್ಟ್ರೀಯ ಕಾರ್ಯಕ್ರಮದ ಚಳಿಗಾಲದ ಅವಧಿಯನ್ನು ಜನವರಿಯಲ್ಲಿ ಮೂರು ವಾರಗಳ ಕಾಲ ನಡೆಸುತ್ತ ಬಂದಿದೆ. ದಕ್ಷಿಣ ಕೊರಿಯಾದಲ್ಲಿ ಡಿಸೆಂಬರ್ ಕೊನೆಯಿಂದ ಫೆಬ್ರುವರಿ ಅಂತ್ಯದವರೆಗೆ ದೀರ್ಘ ರಜೆ ಇರುವುದರಿಂದ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹೊರಗಿನವರಿಗಾಗಿ ಚಳಿಗಾಲದ ಶಾಲೆ ನಡೆಸುವುದು ಸುಲಭ. ಇನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಜನವರಿ ಎಂದರೆ ಕಡು ಬೇಸಿಗೆ. ಅಲ್ಲಿ ಚಳಿಗಾಲದ ಕೋರ್ಸ್ ಎಂದರೆ ಜೂನ್-ಜುಲೈ ತಿಂಗಳ ಮಾತು.

ನಮ್ಮ ಕಡೆಯ ತೊಡಕು ಬೇರೆಯೇ. ರಾಜ್ಯದ ಅನೇಕ ವಿಶ್ವವಿದ್ಯಾಲಯಗಳ ಸೆಮಿಸ್ಟರ್ ಪರೀಕ್ಷೆಗಳು ಡಿಸೆಂಬರ್-ಜನವರಿಯಲ್ಲಿಯೇ ಬರುತ್ತವೆ. ಪರೀಕ್ಷೆ ಮುಂದೂಡಿದರಂತೂ ವಿಮಾನದ ಟಿಕೆಟ್ಟೂ ಪರೀಕ್ಷೆಯ ಪ್ರವೇಶಪತ್ರವೂ ಒಂದೇ ದಿನಾಂಕಕ್ಕೆ ಬಂದು ನಿಲ್ಲುತ್ತವೆ. ಅಂತಿಮ ವೇಳಾಪಟ್ಟಿ ಪ್ರಕಟವಾಗುವ ಮುನ್ನ ಹಣ ಕಟ್ಟುವುದು ಜಾಣತನವಲ್ಲ.

ಕ್ರೆಡಿಟ್ ಎಂದರೆ ಎಷ್ಟು ಗಂಟೆ?

ಕ್ರೆಡಿಟ್ ಎಂಬುದು ಕಲಿಕೆಯ ಗಂಟೆಗಳ ಅಳತೆ. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಪೂರ್ಣ ವರ್ಷಕ್ಕೆ 60 ಕ್ರೆಡಿಟ್. ಒಂದೊಂದು ಕ್ರೆಡಿಟ್‌ಗೂ 25ರಿಂದ 30 ಗಂಟೆಗಳ ಶ್ರಮ. ತರಗತಿ, ಓದು, ಬರವಣಿಗೆ, ಪರೀಕ್ಷೆ ಎಲ್ಲವೂ ಇದರಲ್ಲಿ ಸೇರಿವೆ. ಭಾರತದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಕೂಡ ಒಂದು ಕ್ರೆಡಿಟ್‌ಗೆ 30 ಗಂಟೆಗಳ ಕಲಿಕೆಯನ್ನು ನಿಗದಿಪಡಿಸಿದೆ. ಇಲ್ಲಿ ವರ್ಷಕ್ಕೆ 40 ಕ್ರೆಡಿಟ್, ಅಂದರೆ 1200 ಗಂಟೆ.

ಈ ಲೆಕ್ಕವನ್ನು ಪ್ರಕಟಣೆಗೆ ಅನ್ವಯಿಸಿ ನೋಡಿ. ಹದಿನೈದು ದಿನ, ಭಾನುವಾರವೂ ಬಿಡದೆ ದಿನಕ್ಕೆ ಎಂಟು ಗಂಟೆ ದುಡಿದರೂ ಆಗುವುದು 120 ಗಂಟೆ. ಅದು ಯುರೋಪಿನ ಅಳತೆಯಲ್ಲಿ ನಾಲ್ಕು, ಹೆಚ್ಚೆಂದರೆ ಐದು ಕ್ರೆಡಿಟ್‌ಗೆ ಸಮ. ಹದಿನೈದು ದಿನಕ್ಕೆ ಹತ್ತು ಕ್ರೆಡಿಟ್ ಎಂದು ಯಾರಾದರೂ ಹೇಳಿದರೆ ವಿದ್ಯಾರ್ಥಿ ದಿನಕ್ಕೆ ಹದಿನಾರು ಗಂಟೆಗೂ ಹೆಚ್ಚು ಕಾಲ ಓದಬೇಕಾಗುತ್ತದೆ. ಹಾಗಾದರೆ ನಗರ ವೀಕ್ಷಣೆಗೆ ಸಮಯವೆಲ್ಲಿ?

ಅಮೆರಿಕದ ಜನವರಿ ಕೋರ್ಸಿನ ಲೆಕ್ಕವೂ ಹೀಗೆಯೇ. ಮೂರು ವಾರ, ವಾರಕ್ಕೆ ಐದು ದಿನ, ದಿನಕ್ಕೆ ಮೂರು ಗಂಟೆ ತರಗತಿ ಎಂದರೆ 45 ಗಂಟೆ. ಅದು ಸೆಮಿಸ್ಟರಿನ ಮೂರು ಕ್ರೆಡಿಟ್ ವಿಷಯವೊಂದರ ತರಗತಿ ಅವಧಿಗೆ ಸಮ. ಉಳಿದ ಓದನ್ನು ಸಂಜೆ-ರಾತ್ರಿಗಳಲ್ಲಿ ಮುಗಿಸಬೇಕು.

ಊರಿಗೆ ಮರಳಿದ ಮೇಲೆ

ಕೋರ್ಸ್ ಮುಗಿದಾಗ ಕೈಗೆ ಬರುವ ಕಾಗದಗಳು ಎರಡು ಬಗೆಯವು. ಒಂದು, ಭಾಗವಹಿಸಿದ ಪ್ರಮಾಣಪತ್ರ. ಇನ್ನೊಂದು, ವಿಶ್ವವಿದ್ಯಾಲಯದ ಕುಲಸಚಿವರ ಅಥವಾ ದಾಖಲಾತಿ ವಿಭಾಗದ ಅಧಿಕೃತ ಅಂಕಪಟ್ಟಿ. ಮೊದಲನೆಯದು ಗೋಡೆಗೆ ಚೆಂದ. ಎರಡನೆಯದು ಮಾತ್ರ ಪದವಿಯ ಲೆಕ್ಕಕ್ಕೆ ಬರಬಲ್ಲದು.

ಎರಡನೆಯದಿದ್ದರೂ ಅದು ತಾನಾಗಿಯೇ ಜಮೆಯಾಗುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ 2021ರಲ್ಲಿ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್ ವ್ಯವಸ್ಥೆಯನ್ನು ಜಾರಿಗೆ ತಂದಿತು. ಅದರಲ್ಲಿ ಕ್ರೆಡಿಟ್ ಜಮೆ ಮಾಡುವವರು ನೋಂದಾಯಿತ ಶಿಕ್ಷಣ ಸಂಸ್ಥೆಗಳು, ವಿದ್ಯಾರ್ಥಿಯಲ್ಲ. ಹೊರದೇಶದ ಕೋರ್ಸಿನ ಕ್ರೆಡಿಟ್ಟನ್ನು ಒಪ್ಪುವುದೋ ಬಿಡುವುದೋ ವಿದ್ಯಾರ್ಥಿ ಓದುತ್ತಿರುವ ವಿಶ್ವವಿದ್ಯಾಲಯದ ತೀರ್ಮಾನ. ಆದ್ದರಿಂದ ಪ್ರಾಚಾರ್ಯರ ಬಾಯಿಮಾತಿನ ಭರವಸೆ ಸಾಲದು. ಯಾವ ವಿಷಯಕ್ಕೆ ಬದಲಾಗಿ ಎಷ್ಟು ಕ್ರೆಡಿಟ್ ಪರಿಗಣಿಸಲಾಗುವುದು ಎಂಬ ಲಿಖಿತ ಒಪ್ಪಿಗೆ ಹೊರಡುವ ಮೊದಲೇ ಕೈಯಲ್ಲಿರಬೇಕು.

ವೀಸಾ ಎಂಬ ಹೊಸ್ತಿಲು

ಅಲ್ಪಾವಧಿಯ ವ್ಯಾಸಂಗಕ್ಕೆ ಯಾವ ವೀಸಾ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ಮಾನ್ಯತೆ ಪಡೆದ ಸಂಸ್ಥೆಯೊಂದರಲ್ಲಿ ಆರು ತಿಂಗಳವರೆಗಿನ ಕೋರ್ಸಿಗೆ ಸಂದರ್ಶಕ ವೀಸಾ ಸಾಕು. ಕೆನಡಾದಲ್ಲಿ ಆರು ತಿಂಗಳೊಳಗಿನ ಕೋರ್ಸಿಗೆ ವ್ಯಾಸಂಗ ಪರವಾನಗಿ ಬೇಕಿಲ್ಲ, ಪ್ರವೇಶ ವೀಸಾ ಮಾತ್ರ ಬೇಕು. ಆಸ್ಟ್ರೇಲಿಯಾ ಸಂದರ್ಶಕ ವೀಸಾದಲ್ಲಿ ಸಾಮಾನ್ಯವಾಗಿ ಮೂರು ತಿಂಗಳವರೆಗೆ ಕಲಿಯಲು ಅವಕಾಶ ನೀಡುತ್ತದೆ.

ಅಮೆರಿಕದ ನಿಯಮ ಬಿಗಿ. ಸಂದರ್ಶಕ ವೀಸಾದಲ್ಲಿ ಹವ್ಯಾಸದ ಸಣ್ಣ ಕೋರ್ಸ್ ಕಲಿಯಬಹುದೇ ಹೊರತು ಪದವಿಗೆ ಸೇರುವ ಕ್ರೆಡಿಟ್ ಪಡೆಯುವಂತಿಲ್ಲ. ಪ್ರವಾಸಿ ವೀಸಾದಲ್ಲಿ ಕರೆದೊಯ್ದು ಅಮೆರಿಕದ ಕ್ರೆಡಿಟ್ ಕೊಡಿಸುತ್ತೇವೆ ಎನ್ನುವವರ ಮಾತನ್ನು ನಂಬಿದರೆ, ಮುಂದೆ ಸ್ನಾತಕೋತ್ತರ ವ್ಯಾಸಂಗಕ್ಕೆ ವೀಸಾ ಕೇಳುವಾಗ ತೊಂದರೆ ಅನುಭವಿಸಬೇಕಾದವರು ವಿದ್ಯಾರ್ಥಿಗಳೇ.

ಜರ್ಮನಿ, ಫ್ರಾನ್ಸ್ ಸೇರಿದಂತೆ ಷೆಂಗೆನ್ ರಾಷ್ಟ್ರಗಳಿಗೆ ಅಲ್ಪಾವಧಿ ವೀಸಾದಲ್ಲಿ 180 ದಿನಗಳ ಅವಧಿಯಲ್ಲಿ 90 ದಿನ ತಂಗಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿ ಶುಲ್ಕ 2024ರ ಜೂನ್‌ನಿಂದ 90 ಯೂರೋ. ವೀಸಾ ನಿರಾಕರಿಸಿದರೂ ಅದು ಹಿಂದಿರುಗುವುದಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ. ಕೆಲವೊಮ್ಮೆ 45 ದಿನದವರೆಗೂ ಎಳೆಯಬಹುದು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದಾದ್ದರಿಂದ ನವೆಂಬರ್ ಕೊನೆಯಲ್ಲಿ ಹೆಸರು ಬರೆಸಿ ಡಿಸೆಂಬರ್ ನಡುವೆ ಹೊರಡುವ ಯೋಜನೆ ಅಪಾಯಕಾರಿ. ವೀಸಾ ಸಿಗದಿದ್ದರೆ ಎಷ್ಟು ಹಣ ವಾಪಸು ಎಂಬ ಷರತ್ತನ್ನು ಮೊದಲೇ ಓದಿಕೊಳ್ಳಬೇಕು.

ಹಣದ ಹಾದಿ

ಶುಲ್ಕ, ವಿಮಾನ ದರ, ವಸತಿ, ವಿಮೆ, ಊಟ ಎಲ್ಲ ಸೇರಿದರೆ ವೆಚ್ಚ ಸುಲಭವಾಗಿ ಲಕ್ಷಗಳನ್ನು ಮುಟ್ಟುತ್ತದೆ. ಬ್ಯಾಂಕುಗಳ ಶಿಕ್ಷಣ ಸಾಲ ಪದವಿ, ಡಿಪ್ಲೊಮಾಗಳಂತಹ ದೀರ್ಘ ಕೋರ್ಸುಗಳಿಗೆ ಹೊಂದಿಸಿದ್ದು. ಮೂರು ವಾರದ ಕೋರ್ಸಿಗೆ ಅನೇಕ ಕುಟುಂಬಗಳು ವೈಯಕ್ತಿಕ ಸಾಲ ಮಾಡುವುದು ಇದರಿಂದಲೇ. ಅದರ ಬಡ್ಡಿ ಹೆಚ್ಚು, ಮರುಪಾವತಿಯ ಕಂತು ಮರುತಿಂಗಳೇ ಆರಂಭ. ಮುಂದೆ ನಿಜವಾದ ಉನ್ನತ ವ್ಯಾಸಂಗಕ್ಕೆ ಬೇಕಾಗುವ ಹಣವನ್ನೇ ಇದು ಕರಗಿಸಬಲ್ಲದು.

ತೆರಿಗೆಯ ಸೂಕ್ಷ್ಮವೊಂದು ಇಲ್ಲಿ ಉಪಯುಕ್ತ ಸುಳಿವನ್ನೂ ನೀಡುತ್ತದೆ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ, ಹೊರದೇಶಕ್ಕೆ ಕಳಿಸುವ ಹಣ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರದಿದ್ದರೆ ಬ್ಯಾಂಕು ಮೂಲದಲ್ಲಿ ತೆರಿಗೆ ಸಂಗ್ರಹಿಸುವುದಿಲ್ಲ. ಆದರೆ ವಿದೇಶ ಪ್ರವಾಸದ ಪ್ಯಾಕೇಜ್ ಖರೀದಿಸಿದರೆ ಈ ವಿನಾಯಿತಿ ಇಲ್ಲ. ಅಲ್ಲಿ ಮೊದಲ ರೂಪಾಯಿಯಿಂದಲೇ ತೆರಿಗೆ ಸಂಗ್ರಹವಾಗುತ್ತದೆ. ವ್ಯಾಸಂಗ ಎಂದು ಹೇಳಿ ಹಣ ಪಡೆದವರು ರಸೀದಿಯಲ್ಲಿ ಪ್ರವಾಸ ಪ್ಯಾಕೇಜ್ ಎಂದು ಬರೆದಿದ್ದರೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ನಿಜಕ್ಕೂ ಕಲಿಕೆ ಆಗುತ್ತದೆಯೇ?

ಎರಡು-ಮೂರು ವಾರಗಳಲ್ಲಿ ಏನು ತಾನೇ ಕಲಿಯಲಾದೀತು ಎಂಬ ಅನುಮಾನ ಸಹಜ. ಮಿನ್ನೆಸೋಟಾ ವಿಶ್ವವಿದ್ಯಾಲಯದ ಸಂಶೋಧಕರು ಹಿಂದೆ ವಿದೇಶ ವ್ಯಾಸಂಗ ಮಾಡಿದ್ದ ಸಾವಿರಾರು ಮಂದಿಯನ್ನು ವರ್ಷಗಳ ನಂತರ ಸಂಪರ್ಕಿಸಿ ಸಮೀಕ್ಷೆ ನಡೆಸಿದ್ದರು. ಸಾಮಾಜಿಕ ಕಾರ್ಯ, ಸ್ವಯಂಸೇವೆಯಂತಹ ವಿಷಯಗಳಲ್ಲಿ ಅವರ ಮುಂದಿನ ಬದುಕಿನ ಮೇಲೆ ಆದ ಪ್ರಭಾವಕ್ಕೂ ವಿದೇಶದಲ್ಲಿದ್ದ ಅವಧಿಯ ಉದ್ದಕ್ಕೂ ಹೇಳಿಕೊಳ್ಳುವಂತಹ ಸಂಬಂಧ ಕಂಡುಬರಲಿಲ್ಲ. ಅವಧಿ ಚಿಕ್ಕದೆಂಬ ಒಂದೇ ಕಾರಣಕ್ಕೆ ಕೋರ್ಸನ್ನು ತಳ್ಳಿಹಾಕುವಂತಿಲ್ಲ ಎಂದಾಯಿತು.

ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯ 'ಇಂಡಿಯಾ ವಿಂಟರಿಮ್' ಹೆಸರಿನಲ್ಲಿ ರೂಪಿಸಿದ ಮೂರು ವಾರಗಳ ಚಳಿಗಾಲದ ಕಾರ್ಯಕ್ರಮದ ತಂಡಗಳು ಮೈಸೂರಿಗೂ ಬಂದಿವೆ. ಪ್ರಾಧ್ಯಾಪಕರೊಬ್ಬರ ಜೊತೆ ಬರುವ ವಿದ್ಯಾರ್ಥಿಗಳು ಸ್ಥಳೀಯ ಸ್ವಯಂಸೇವಾ ಸಂಸ್ಥೆಗಳ ಕೆಲಸವನ್ನು ಹತ್ತಿರದಿಂದ ಕಂಡು ಕಲಿಯುತ್ತಾರೆ. ಅವರಿಗೆ ಕ್ರೆಡಿಟ್ ನೀಡುವುದು ಅವರದೇ ವಿಶ್ವವಿದ್ಯಾಲಯ. ಒಳ್ಳೆಯ ಅಲ್ಪಾವಧಿ ಕೋರ್ಸಿನ ಲಕ್ಷಣವೇ ಇದು. ಒಂದೇ ಊರು, ಒಂದೇ ವಿಷಯ, ಜೊತೆಗೊಬ್ಬ ಗುರು. ಹತ್ತು ದಿನಕ್ಕೆ ಐದು ದೇಶ ಸುತ್ತಿಸುವುದು ಇದಕ್ಕೆ ತದ್ವಿರುದ್ಧ.

ಹೋಗಲಾಗದವರಿಗೂ ದಾರಿ ಇಲ್ಲದಿಲ್ಲ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ 'ಜ್ಞಾನ್' ಯೋಜನೆಯಡಿ ವಿದೇಶಿ ಪ್ರಾಧ್ಯಾಪಕರೇ ಐಐಟಿ, ಎನ್‌ಐಟಿಗಳಂತಹ ನಮ್ಮ ಸಂಸ್ಥೆಗಳಿಗೆ ಬಂದು ಒಂದೆರಡು ವಾರಗಳ ಕ್ರೆಡಿಟ್ ಕೋರ್ಸುಗಳನ್ನು ನಡೆಸುತ್ತ ಬಂದಿದ್ದಾರೆ. ವೀಸಾ, ವಿಮಾನದ ಖರ್ಚಿಲ್ಲದೆ ದೊರೆಯುವ ಈ ಅವಕಾಶದ ಬಗ್ಗೆ ಕಾಲೇಜುಗಳು ವಿದ್ಯಾರ್ಥಿಗಳಿಗೆ ತಿಳಿಸುವುದು ಅಗತ್ಯ.

ಮುಂಗಡ ಕಟ್ಟುವ ಮುನ್ನ

ಕೇಳಬೇಕಾದ ಪ್ರಶ್ನೆಗಳು ಐದೇ. ಪ್ರವೇಶಪತ್ರ ಬಂದಿರುವುದು ವಿಶ್ವವಿದ್ಯಾಲಯದಿಂದಲೋ, ಏಜೆನ್ಸಿಯಿಂದಲೋ? ದಿನಕ್ಕೆ ಎಷ್ಟು ಗಂಟೆ ತರಗತಿ, ಪಾಠ ಮಾಡುವವರು ಯಾರು? ಕೊನೆಗೆ ಸಿಗುವುದು ಅಂಕಪಟ್ಟಿಯೋ, ಭಾಗವಹಿಸಿದ ಪತ್ರವೋ? ನಮ್ಮ ವಿಶ್ವವಿದ್ಯಾಲಯದ ಲಿಖಿತ ಒಪ್ಪಿಗೆ ಇದೆಯೇ? ವೀಸಾ ಸಿಗದಿದ್ದರೆ, ಪರೀಕ್ಷೆ ಮುಂದೂಡಿದರೆ ಹಣ ವಾಪಸು ಬರುವುದೇ?

ಉತ್ತರಗಳನ್ನು ಮಿಂಚಂಚೆಯಲ್ಲಿ ಬರೆದು ಕಳಿಸಲು ಹೇಳಿ. ಆ ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ವಿಭಾಗಕ್ಕೂ ನೇರವಾಗಿ ಒಂದು ಮಿಂಚಂಚೆ ಕಳಿಸಿ ಖಚಿತಪಡಿಸಿಕೊಳ್ಳಿ. ಅದಕ್ಕೆ ಖರ್ಚು ಏನೂ ಇಲ್ಲ. ಐದಕ್ಕೂ ಸಮಾಧಾನಕರ ಉತ್ತರ ಬಂದು, ಮನೆಯ ಲೆಕ್ಕಕ್ಕೂ ಹೊಂದುವುದಾದರೆ ಮಕ್ಕಳನ್ನು ಧೈರ್ಯವಾಗಿ ಕಳಿಸಬಹುದು. ಪ್ರವಾಸವೇ ಬೇಕೆಂದಿದ್ದರೆ ಅದೂ ತಪ್ಪಲ್ಲ. ಆದರೆ ಪ್ರವಾಸದ ಬೆಲೆಯನ್ನೇ ಕೊಡಿ, ಪದವಿಯ ಬೆಲೆಯನ್ನಲ್ಲ.