ತಟ್ಟಿ ನೋಡಿ, ತೂಗಿ ನೋಡಿ, ಆಮೇಲೆ ಕೊಳ್ಳಿ

ಪಿಕಲ್‌ಬಾಲ್ ಪ್ಯಾಡಲ್ ಕೇಳುವ ಮಕ್ಕಳಿರುವ ಮನೆಗಳಿಗೆ ಕೆಲವು ಕಿವಿಮಾತುಗಳು

ರಜೆಗೆಂದು ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಊರಿಗೆ ಬರುವ ಮಕ್ಕಳ ಬಾಯಲ್ಲಿ ಈಗ ಒಂದು ಹೊಸ ಆಟದ ಹೆಸರು ಕೇಳಿಬರುತ್ತಿದೆ. ಅದೇ ಪಿಕಲ್‌ಬಾಲ್. ಉಪ್ಪಿನಕಾಯಿಗೂ ಚೆಂಡಿಗೂ ಏನು ನಂಟು ಎಂದು ಅಜ್ಜಿಯಂದಿರು ನಕ್ಕರೆ ತಪ್ಪಿಲ್ಲ. ಆದರೆ ನಗು ಮುಗಿದ ಮೇಲೆ ಮಕ್ಕಳು ಆಡುವ ಎರಡನೆಯ ಮಾತು ನೇರವಾಗಿ ಅಪ್ಪನ ಜೇಬಿಗೆ ತಗಲುತ್ತದೆ: "ನನಗೊಂದು ಪ್ಯಾಡಲ್ ಕೊಡಿಸಿ."

ರಾಯದುರ್ಗದಲ್ಲಿ ಜೀನ್ಸ್ ಹೊಲಿದು ವಾರದ ಕೂಲಿ ತರುವ ಮನೆಗಳಿವೆ. ಮಡಕಶಿರದ ಕಡೆ ರೇಷ್ಮೆಗೂಡನ್ನೋ ಕಡಲೆಕಾಯಿಯನ್ನೋ ನಂಬಿ ವರ್ಷ ದೂಡುವ ಮನೆಗಳಿವೆ. ಹೆಸರಾಂತ ವಿದೇಶಿ ಕಂಪನಿಗಳ ಪ್ಯಾಡಲ್ ಒಂದಕ್ಕೆ ಹತ್ತು ಸಾವಿರ ರೂಪಾಯಿಗೂ ಮಿಕ್ಕಿ ಬೆಲೆಯಿದೆ ಎಂದು ಗೊತ್ತಾದರೆ ಇಂಥ ಮನೆಗಳಲ್ಲಿ ಉತ್ತರ ಒಂದೇ: "ಅದೆಲ್ಲ ನಮಗಲ್ಲ." ಮಗು ಸುಮ್ಮನಾಗುತ್ತದೆ, ಮತ್ತೆ ಮೊಬೈಲು ಹಿಡಿಯುತ್ತದೆ. ಆದರೆ ಅಷ್ಟು ದುಡ್ಡು ಬೇಕಾಗಿಯೇ ಇಲ್ಲ. ಕಲಿಯುವವರಿಗೆ ಒಗ್ಗುವ ಪ್ಯಾಡಲ್ ಅದರ ಸಣ್ಣ ಪಾಲಿಗೆ ಸಿಗುತ್ತದೆ. ಹೆಸರು ನೋಡಿ ಕೊಳ್ಳದೆ ತೂಕ, ಹಿಡಿ, ಒಳತಿರುಳು ಈ ಮೂರನ್ನು ನೋಡಿ ಕೊಳ್ಳಬೇಕು, ಅಷ್ಟೆ.

ಈ ಆಟ ಎಲ್ಲಿಂದ ಬಂತು?

1965ರಲ್ಲಿ ಅಮೆರಿಕದ ಸಿಯಾಟಲ್ ಬಳಿಯ ಬೈನ್‌ಬ್ರಿಜ್ ದ್ವೀಪದಲ್ಲಿ ಜೋಯೆಲ್ ಪ್ರಿಚರ್ಡ್, ಬಿಲ್ ಬೆಲ್, ಬಾರ್ನಿ ಮೆಕ್ಕಲಂ ಎಂಬ ಮೂವರು ತಮ್ಮ ಕುಟುಂಬಗಳ ಬೇಸರ ಕಳೆಯಲು ಇದನ್ನು ಹುಟ್ಟುಹಾಕಿದರು. ಮನೆಯ ಹಳೆಯ ಬ್ಯಾಡ್ಮಿಂಟನ್ ಅಂಗಳ, ತೂತುಗಳಿದ್ದ ಪ್ಲಾಸ್ಟಿಕ್ ಚೆಂಡು, ಟೇಬಲ್ ಟೆನಿಸ್ ಬ್ಯಾಟುಗಳು – ಕೈಗೆ ಸಿಕ್ಕಿದ್ದರಲ್ಲೇ ಆಟ ಶುರುವಾಯಿತು. ಆ ಬ್ಯಾಟುಗಳು ಸಾಲದಾದಾಗ ಮೆಕ್ಕಲಂ ಪ್ಲೈವುಡ್ ಕತ್ತರಿಸಿ ಪ್ಯಾಡಲ್ ಮಾಡಿದರು. ಮುಂದೆ 1984ರಲ್ಲಿ ವಿಮಾನ ಕಾರ್ಖಾನೆಯ ಎಂಜಿನಿಯರ್ ಆರ್ಲೆನ್ ಪರಾಂಟೊ ಅವರು, ವಿಮಾನಗಳಲ್ಲಿ ಬಳಸುವ ಜೇನುಗೂಡಿನಂಥ ಹಗುರ ಹಲಗೆಯಿಂದ ಪ್ಯಾಡಲ್ ತಯಾರಿಸಿದರು. ಇಂದಿನ ಹೆಚ್ಚಿನ ಪ್ಯಾಡಲ್‌ಗಳು ಆ ಜೇನುಗೂಡಿನ ಮಕ್ಕಳೇ. 2025ರಲ್ಲಿ ನಮ್ಮ ಕೇಂದ್ರ ಕ್ರೀಡಾ ಸಚಿವಾಲಯವು ಈ ಆಟದ ರಾಷ್ಟ್ರೀಯ ಒಕ್ಕೂಟವೊಂದಕ್ಕೆ ಮಾನ್ಯತೆ ನೀಡಿದ ಮೇಲೆ ದೇಶದಲ್ಲಿ ಇದರ ಹೆಸರು ಇನ್ನಷ್ಟು ಹಬ್ಬಿದೆ.

ಅಂಗಳದ ಅಳತೆ 44 ಅಡಿ ಉದ್ದ, 20 ಅಡಿ ಅಗಲ. ಇದು ಬ್ಯಾಡ್ಮಿಂಟನ್ ಡಬಲ್ಸ್ ಅಂಗಳದ ಅಳತೆಯೇ. ಬಲೆ ಮಾತ್ರ ತಗ್ಗಿನಲ್ಲಿರುತ್ತದೆ: ಎರಡೂ ಬದಿಗೆ 36 ಇಂಚು, ನಡುವೆ 34 ಇಂಚು. ಬಲೆಯ ಎರಡೂ ಪಕ್ಕ 7 ಅಡಿ ಜಾಗಕ್ಕೆ ಆಟದ ಭಾಷೆಯಲ್ಲಿ 'ಕಿಚನ್' ಎನ್ನುತ್ತಾರೆ. ಆ ಅಡುಗೆಮನೆಯೊಳಗೆ ನಿಂತು, ನೆಲಕ್ಕೆ ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಹೀಗಾಗಿ ಬಲಕ್ಕಿಂತ ತಾಳ್ಮೆಗೆ ಇಲ್ಲಿ ಬೆಲೆ ಹೆಚ್ಚು. ಮೊಮ್ಮಗನ ಎದುರು ತಾತನೂ ನಿಂತು ಆಡಬಹುದು.

ಮೊದಲು ತೂಗಿ ನೋಡಿ

ನಮ್ಮ ಹಿರಿಯರಲ್ಲಿ ಹಲವರು ಹೈಸ್ಕೂಲಿನಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿದವರು. ಉಣ್ಣೆಯ ಹಳದಿ ಚೆಂಡಿನ ಆ ಆಟದ ಬ್ಯಾಟು ಸಾಮಾನ್ಯವಾಗಿ 165ರಿಂದ 185 ಗ್ರಾಂ ಇರುತ್ತದೆ. ಪಿಕಲ್‌ಬಾಲ್ ಪ್ಯಾಡಲ್ ಅದಕ್ಕಿಂತ ಸ್ವಲ್ಪ ಭಾರ. ಈಗಿನ ಪ್ಯಾಡಲ್‌ಗಳು ಹೆಚ್ಚಾಗಿ 200ರಿಂದ 240 ಗ್ರಾಂ ತೂಗುತ್ತವೆ. ಅಗ್ಗದ ಮರದ ಪ್ಯಾಡಲ್‌ಗಳು 280 ಗ್ರಾಂ ದಾಟುವುದೂ ಉಂಟು.

ನಲವತ್ತು ಐವತ್ತು ಗ್ರಾಂ ಏನು ಮಹಾ ಎನ್ನಬೇಡಿ. ಒಂದು ಗಂಟೆಯ ಆಟದಲ್ಲಿ ನೂರಾರು ಸಲ ಕೈ ಬೀಸಬೇಕಾಗುತ್ತದೆ. ಭಾರದ ಪ್ಯಾಡಲ್‌ನಿಂದ ಮಣಿಕಟ್ಟಿಗೂ ಮೊಣಕೈಗೂ ನೋವು ಬರಬಹುದು. ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತು ದುಡಿಯುವವರಿಗೆ ಕೈಯೇ ಅನ್ನ. ಆಟಕ್ಕಾಗಿ ಅದನ್ನು ನೋಯಿಸಿಕೊಳ್ಳಬಾರದು. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ 200–215 ಗ್ರಾಂ, ದೊಡ್ಡವರಿಗೆ 220–235 ಗ್ರಾಂ ಇದ್ದರೆ ಹಿತ. ಮೊಣಕೈ ನೋವು ಮೊದಲೇ ಇದ್ದವರು ವೈದ್ಯರನ್ನು ಕೇಳಿ ಆಟಕ್ಕಿಳಿಯಲಿ.

ಪೆಟ್ಟಿಗೆಯ ಮೇಲೆ ಬರೆದ ತೂಕವನ್ನು ಕುರುಡಾಗಿ ನಂಬಬೇಡಿ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಒಮ್ಮೆ ಇಟ್ಟರೆ ನಿಜ ಗೊತ್ತಾಗುತ್ತದೆ.

ಹಿಡಿಯ ಅಳತೆಗೆ ಹೊಲಿಗೆಯ ಟೇಪೇ ಸಾಕು

ರಾಯದುರ್ಗದಲ್ಲಿ ಟೇಪು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅಂಗೈ ಬಿಚ್ಚಿ, ನಡುವಿನ ಅಡ್ಡಗೆರೆಯಿಂದ ಉಂಗುರ ಬೆರಳಿನ ತುದಿಯವರೆಗೆ ಅಳೆಯಿರಿ. ಆ ಅಳತೆಯೇ ಹೆಚ್ಚುಕಡಿಮೆ ನಿಮ್ಮ ಪ್ಯಾಡಲ್ ಹಿಡಿಯ ಸುತ್ತಳತೆ. ಹೆಚ್ಚಿನವರಿಗೆ ಇದು 4ರಿಂದ 4½ ಇಂಚಿನೊಳಗೆ ಬರುತ್ತದೆ. ಎರಡು ಅಳತೆಗಳ ನಡುವೆ ಅನುಮಾನ ಬಂದರೆ ಸಣ್ಣದನ್ನೇ ಆರಿಸಿ. ಸಣ್ಣ ಹಿಡಿಗೆ ಇನ್ನೊಂದು ಸುತ್ತು ಗ್ರಿಪ್ ಪಟ್ಟಿ ಸುತ್ತಿ ದಪ್ಪ ಮಾಡಬಹುದು, ದಪ್ಪ ಹಿಡಿಯನ್ನು ಸಣ್ಣದು ಮಾಡಲಾಗದು. ಬೆಳೆಯುವ ಮಕ್ಕಳಿಗಂತೂ ಇದೇ ಸರಿ. ನಮ್ಮ ಸೆಕೆಗೆ ಬೆವರಿ ಪಟ್ಟಿ ಬೇಗ ಸವೆಯುತ್ತದೆ. ಅದನ್ನಷ್ಟೇ ಬದಲಾಯಿಸಿ, ಪ್ಯಾಡಲನ್ನಲ್ಲ.

ಗಡಿಗೆ ತಟ್ಟುವಂತೆ ತಟ್ಟಿ

ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಮ್ಮ ತಾಯಂದಿರು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಬಿರುಕಿದ್ದರೆ ಸದ್ದೇ ಹೇಳುತ್ತದೆ. ಪ್ಯಾಡಲ್‌ಗೂ ಅದೇ ಪರೀಕ್ಷೆ. ಒಳ್ಳೆಯ ಪ್ಯಾಡಲ್‌ನ ಒಳಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಜೇನುಗೂಡು ಇರುತ್ತದೆ. ಅದರ ಎರಡೂ ಬದಿಗೆ ತೆಳು ಹಾಳೆ ಅಂಟಿಸಿರುತ್ತಾರೆ. ಮುಖದ ಮೇಲೆ ಅಲ್ಲಲ್ಲಿ ತಟ್ಟುತ್ತಾ ಹೋಗಿ. ಒಂದು ಕಡೆ ಮಾತ್ರ ಬೊದ್ದಾಗಿಯೋ ಗಲಗಲ ಎಂದೋ ಕೇಳಿದರೆ, ಅಲ್ಲಿ ಗೂಡು ಕುಸಿದಿದೆ ಅಥವಾ ಅಂಟು ಬಿಟ್ಟಿದೆ ಎಂದರ್ಥ. ಯಾರೋ ಆಡಿ ಬಿಟ್ಟ ಪ್ಯಾಡಲನ್ನು ಕಡಿಮೆ ಬೆಲೆಗೆ ಕೊಳ್ಳುವಾಗ ಈ ಪರೀಕ್ಷೆ ಮರೆಯಬೇಡಿ.

ಒಳಗೂಡಿನ ದಪ್ಪ 16 ಮಿ.ಮೀ. ಆಸುಪಾಸು ಇದ್ದರೆ ಚೆಂಡು ಹೇಳಿದ ಮಾತು ಕೇಳುತ್ತದೆ. 13 ಮಿ.ಮೀ. ಆದರೆ ಚೆಂಡು ಜೋರಾಗಿ ಚಿಮ್ಮುತ್ತದೆ, ಹಿಡಿತ ಕಡಿಮೆ. ಕಲಿಯುವವರಿಗೆ ದಪ್ಪದ್ದೇ ಒಳ್ಳೆಯದು.

ಇನ್ನು ಮೇಲಿನ ಹಾಳೆ. ಫೈಬರ್‌ಗ್ಲಾಸ್ ಅಗ್ಗ, ಪುಟಿತ ಹೆಚ್ಚು. ಕಾರ್ಬನ್ ನಾರಿನದು ದುಬಾರಿ. ಅದರ ಒರಟು ಮೈ ಚೆಂಡನ್ನು ತಿರುಗಿಸಲು ನೆರವಾಗುತ್ತದೆ, ಆದರೆ ಆಡಿದಷ್ಟೂ ಆ ಒರಟು ಸವೆಯುತ್ತದೆ. ಚೆಂಡನ್ನು ಬಲೆಯಾಚೆ ದಾಟಿಸುವುದೇ ಇನ್ನೂ ಪಾಠವಾಗಿರುವವರು ತಿರುಗಿಸುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಕಾರ್ಬನ್ ಎಂದು ಮೇಲೆ ಚಿತ್ರ ಅಚ್ಚು ಹಾಕಿದ ಮಾತ್ರಕ್ಕೆ ಅದು ಕಾರ್ಬನ್ ಆಗುವುದೂ ಇಲ್ಲ. ಹೆಸರಾಂತ ಕಂಪನಿಯ ಮಾಲು ನಂಬಲಾಗದಷ್ಟು ಅಗ್ಗವಾಗಿ ಕಂಡರೆ ನಂಬದಿರುವುದೇ ಲೇಸು.

ಅಂಚಿಗೆ ಪ್ಲಾಸ್ಟಿಕ್ ಕಟ್ಟು ಇರುವುದನ್ನೇ ಆರಿಸಿ. ಸಿಮೆಂಟು ನೆಲಕ್ಕೆ ಉಜ್ಜುವುದು ಕಲಿಯುವವರಿಗೆ ತಪ್ಪಿದ್ದಲ್ಲ.

'ಅನುಮೋದಿತ' ಎಂಬ ಮುದ್ರೆ ಬೇಕೇ?

ಅಮೆರಿಕದ ಪಿಕಲ್‌ಬಾಲ್ ಸಂಸ್ಥೆ ಪರೀಕ್ಷಿಸಿ ಒಪ್ಪಿದ ಪ್ಯಾಡಲ್‌ಗಳ ಮೇಲೆ ಅಂಥ ಗುರುತಿರುತ್ತದೆ. ದೊಡ್ಡ ಪಂದ್ಯಾವಳಿಗೆ ಹೋಗುವವರು ಅಲ್ಲಿನ ನಿಯಮ ಕೇಳಿ ಅದನ್ನು ನೋಡಿಕೊಳ್ಳಲಿ. ಶಾಲೆಯ ಅಂಗಳದಲ್ಲಿ, ಧರ್ಮಕೇಂದ್ರದ ಆವರಣದಲ್ಲಿ ಆಡುವವರಿಗೆ ಅದರ ಅಗತ್ಯವಿಲ್ಲ. ಅಳತೆಯ ನಿಯಮ ಮಾತ್ರ ನೆನಪಿರಲಿ: ಉದ್ದ 17 ಇಂಚು ಮೀರಬಾರದು, ಉದ್ದ ಅಗಲ ಕೂಡಿದರೆ 24 ಇಂಚು ದಾಟಬಾರದು.

ಬಡಗಿಯ ಕೈಯಲ್ಲಿ ಮೊದಲ ಪ್ಯಾಡಲ್

ಮಗುವಿಗೆ ಆಟ ಹಿಡಿಸುತ್ತದೋ ಇಲ್ಲವೋ ಗೊತ್ತಿಲ್ಲದೆ ದುಡ್ಡು ಹಾಕಲು ಹಿಂಜರಿಕೆಯೇ? ಮೆಕ್ಕಲಂ ದಾರಿ ಹಿಡಿಯಿರಿ. ಊರಿನ ಬಡಗಿಯ ಬಳಿ ಉಳಿದ 6 ಮಿ.ಮೀ. ಪ್ಲೈವುಡ್ ತುಂಡು ಸಾಕು. ಹಿಡಿ ಸೇರಿ ಹದಿನೈದೂವರೆ ಇಂಚು ಉದ್ದ, 8 ಇಂಚು ಅಗಲ ಕತ್ತರಿಸಿ, ಹಿಡಿಯ ಎರಡೂ ಬದಿಗೆ ತೆಳು ಮರದ ಪಟ್ಟಿ ಅಂಟಿಸಿ, ಅಂಚನ್ನೆಲ್ಲ ಮರಳು ಕಾಗದದಲ್ಲಿ ಚೆನ್ನಾಗಿ ಉಜ್ಜಿಸಿ, ಹಿಡಿಗೆ ಪಟ್ಟಿ ಸುತ್ತಿ. ಇನ್ನೂ ದಪ್ಪ ಪ್ಲೈವುಡ್ ಆದರೆ ಕೈಗೆ ಭಾರ. ಒಂದು ರಜೆ ಕಳೆಯಲು ಇಷ್ಟು ಸಾಕು. ರಜೆ ಮುಗಿದ ಮೇಲೂ ಮಗು ಆಟ ಬಿಡದಿದ್ದರೆ ಆಗ ಫೈಬರ್‌ಗ್ಲಾಸ್ ಜೋಡಿ ಕೊಳ್ಳುವ ಯೋಚನೆ ಮಾಡಿ.

ನಮ್ಮ ಗಾಳಿ, ನಮ್ಮ ಬಿಸಿಲು

ಆಷಾಢದ ಗಾಳಿ ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾದ್ದಲ್ಲ. ಶಟಲ್ ಕಾಕ್ ಅದರಲ್ಲಿ ನಿಲ್ಲುವುದೇ ಇಲ್ಲ. ಪಿಕಲ್‌ಬಾಲ್ ಚೆಂಡಿನಲ್ಲಿ ಎರಡು ಬಗೆ. ಬಯಲಿನದು ಗಟ್ಟಿ, ಸಾಮಾನ್ಯವಾಗಿ 40 ಸಣ್ಣ ತೂತುಗಳು. ಒಳಾಂಗಣದ್ದು ಮೆದು, 26 ದೊಡ್ಡ ತೂತುಗಳು. ನಮಗೆ ಬೇಕಾದದ್ದು ಬಯಲಿನದು. ಮಣ್ಣಿನ ನೆಲದಲ್ಲಿ ಚೆಂಡು ಸರಿಯಾಗಿ ಪುಟಿಯದು, ಸಿಮೆಂಟು ನೆಲ ಬೇಕು. ಚೆಂಡು ಒಡೆಯುವ ವಸ್ತು. ಪ್ಯಾಡಲ್‌ಗೆ ಇಟ್ಟ ಹಣದಲ್ಲಿ ಸ್ವಲ್ಪ ಅದಕ್ಕೂ ಉಳಿಸಿ.

ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ, ತಗಡಿನ ಮಾಡಿನ ಕೆಳಗೆ ಪ್ಯಾಡಲ್ ಇಡಬೇಡಿ. ಶಾಖಕ್ಕೆ ಅಂಟು ಸಡಿಲಾಗಿ ಹಾಳೆ ಬಿಡಬಹುದು. ತರಿಸಿಕೊಂಡ ದಿನವೇ ತೂಗಿ, ತಟ್ಟಿ ನೋಡಿ. ಸರಿಯಿಲ್ಲದಿದ್ದರೆ ಹಿಂದಿರುಗಿಸುವ ಗಡುವಿನೊಳಗೆ ಕಳಿಸಿ. ರಸೀದಿ ಎತ್ತಿಡಿ.

ಎರಡು ಮನೆ, ಒಂದು ಜೋಡಿ

ಟೆನಿಸ್ ಶ್ರೀಮಂತರ ಆಟ ಎಂಬ ಮಾತು ನಮ್ಮ ಕಡೆಯೂ ಇತ್ತು. ವಿಸೆಂಟ್ ಫೆರರ್ ಅವರು 1969ರಲ್ಲಿ ಕಟ್ಟಿದ ಗ್ರಾಮೀಣ ಅಭಿವೃದ್ಧಿ ಟ್ರಸ್ಟ್‌ನ ಜೊತೆಗೂಡಿ, ಸ್ಪೇನಿನ ರಾಫೆಲ್ ನಡಾಲ್ ಅವರ ಪ್ರತಿಷ್ಠಾನವು 2010ರಲ್ಲಿ ಅನಂತಪುರದಲ್ಲೇ ಟೆನಿಸ್ ಶಾಲೆ ತೆರೆಯಿತು. ಹಳ್ಳಿಯ ಬಡಮಕ್ಕಳು ಅಲ್ಲಿ ರ‍್ಯಾಕೆಟ್ ಹಿಡಿದರು. 2022ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಬೇರೆಯಾದರೂ ಎರಡೂ ಊರಿನವರಿಗೆ ಅದು ಕಣ್ಣೆದುರಿನ ಮಾದರಿ. ಅವಕಾಶ ಮನೆಬಾಗಿಲಿಗೆ ಬಂದರೆ ದುಬಾರಿ ಎನಿಸಿದ ಆಟವೂ ನಮ್ಮ ಮಕ್ಕಳ ಕೈಗೆಟುಕುತ್ತದೆ.

ಪಿಕಲ್‌ಬಾಲ್‌ಗೆ ಅಷ್ಟು ದೊಡ್ಡ ಏರ್ಪಾಟೂ ಬೇಡ. ಎರಡು ಮನೆಯವರು ಸೇರಿ ಒಂದು ಜೋಡಿ ಪ್ಯಾಡಲ್, ನಾಲ್ಕು ಚೆಂಡು ಕೊಂಡರೆ ಖರ್ಚು ಅರ್ಧ, ಆಡುವವರು ದುಪ್ಪಟ್ಟು. ಇಂಥ ಎರಡು ಜೋಡಿ ಸೇರಿದರೆ ಡಬಲ್ಸ್ ಆಟಕ್ಕೆ ಸಾಕಾಯಿತು. ಯುವಜನರ ಸಂಘದವರು ಈಗಿರುವ ಬ್ಯಾಡ್ಮಿಂಟನ್ ಅಂಗಳದಲ್ಲೇ ಬಲೆ ತಗ್ಗಿಸಿ, 7 ಅಡಿಗೆ ಒಂದು ಸುಣ್ಣದ ಗೆರೆ ಎಳೆದುಕೊಟ್ಟರೆ ಮಕ್ಕಳ ಮುಂದಿನ ರಜೆ ಅಲ್ಲೇ ಕಳೆಯುತ್ತದೆ.

ಹಾಗಾಗಿ ಪ್ರಿಯ ಪಾಲಕರೇ, ಮಗು ಪ್ಯಾಡಲ್ ಕೇಳಿದಾಗ ಮೊದಲು "ಬೇಡ" ಎನ್ನಬೇಡಿ. ಬದಲಿಗೆ, "ನಿನ್ನ ಜೊತೆ ಯಾರು ಆಡುತ್ತಾರೆ?" ಎಂದು ಕೇಳಿ. ಪಕ್ಕದ ಮನೆಯ ಗೆಳೆಯನ ಹೆಸರು ಬಂದರೆ ಅವನ ಅಪ್ಪ ಅಮ್ಮನ ಬಳಿ ಮಾತಾಡಿ, ಖರ್ಚು ಹಂಚಿಕೊಳ್ಳಿ. "ನೀವೇ ಆಡಿ ಅಪ್ಪಾ" ಎಂದರೆ, ಸಂಜೆ ಒಂದು ಗಂಟೆ ಮಗುವಿಗಾಗಿ ಎತ್ತಿಡಿ.